ಮೂರು ಹಾಳೆಯ ಮನೆಗೊಬ್ಬ ಸಾಲಿಸಿಟರ್

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತಲಿನ ಕನ್ನಡದವರ ವಾಟ್ಸಾಪ್ ಗುಂಪೊಂದರಲ್ಲಿ ನಾನಿದ್ದೇನೆ. ದೀಪಾವಳಿಗೆ ಹಾಲ್ ಬುಕ್ ಮಾಡುವುದು, ಊರಿಂದ ಬರುವವರ ಕೈಲಿ ಸಾರಿನ ಪುಡಿ ತರಿಸುವುದು, ಮಕ್ಕಳ ಸ್ಕೂಲು, ಇವೆಲ್ಲದರ ನಡುವೆ ಒಂದು ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ. "ಮನೆ ಆಫರ್ ಓಕೆ ಆಯ್ತು. ಒಳ್ಳೆ ಸಾಲಿಸಿಟರ್ ಯಾರಾದ್ರೂ ಗೊತ್ತಾ?" ಸಾಲಿಸಿಟರ್ ಅಂದರೆ ಇಲ್ಲಿ ಮನೆ ವ್ಯಾಪಾರದ ಕಾಗದಪತ್ರ ನೋಡಿಕೊಳ್ಳುವ ವಕೀಲ. ಅಷ್ಟು ಕೇಳಿದ್ದೇ ತಡ, ಉತ್ತರಗಳು ಶುರು. ಒಬ್ಬರು ಯಾವುದೋ ಆನ್‌ಲೈನ್ ಕಂಪನಿಯ ಲಿಂಕ್ ಹಾಕುತ್ತಾರೆ, ಜೊತೆಗೆ ಡಿಸ್ಕೌಂಟ್ ಕೋಡ್. ಇನ್ನೊಬ್ಬರು ಲಂಡನ್ ಕಡೆಯ "ನಮ್ಮವರೇ" ಒಬ್ಬರ ನಂಬರ್ ಕೊಡುತ್ತಾರೆ. ಮತ್ತೊಬ್ಬರು, ಎಸ್ಟೇಟ್ ಏಜೆಂಟ್ ಯಾರನ್ನು ಹೇಳಿದನೋ ಅವರನ್ನೇ ಹಿಡೀರಿ, ಬೇಗ ಆಗುತ್ತೆ ಅನ್ನುತ್ತಾರೆ. ಕೊನೆಗೆ ಎಲ್ಲ ಬಂದು ನಿಲ್ಲುವುದು "ಎಷ್ಟಾಯ್ತು?" ಅನ್ನುವಲ್ಲಿಗೆ.

ನನಗೆ ಇದು ಯಾವಾಗಲೂ ವಿಚಿತ್ರ ಅನಿಸುತ್ತದೆ. ಇದೇ ಜನ ಊರಲ್ಲಿ ಒಂದು ಥರ್ಟಿ ಫಾರ್ಟಿ ಸೈಟು ತಗೊಳ್ಳುವುದಾದರೆ ಇಬ್ಬರು ವಕೀಲರಿಗೆ ಕಾಗದ ತೋರಿಸುತ್ತಾರೆ, ಭಾವನ ಸ್ನೇಹಿತನೊಬ್ಬ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿದ್ದರೆ ಅವನ ಕಿವಿಗೂ ಒಂದು ಮಾತು ಹಾಕುತ್ತಾರೆ. ಇಲ್ಲಿ ಮಾತ್ರ, ಇಪ್ಪತ್ತೈದು ಮೂವತ್ತು ವರ್ಷ ತೀರಿಸುವ ಸಾಲ ಹೊತ್ತುಕೊಂಡು, ಕೋಡ್ ಇದೆ ಅಂತ ಸಾಲಿಸಿಟರ್‌ನನ್ನು ಆರಿಸುತ್ತೇವೆ. ಸೋಫಾ ತಗೊಳ್ಳುವಾಗಲೂ ಒಂದು ಸಲ ಕೂತು ನೋಡುತ್ತೇವಲ್ಲ!

ಇದಕ್ಕೆ ಕಾರಣ ಸೋಮಾರಿತನ ಅಂತ ನನಗನಿಸುವುದಿಲ್ಲ. ಊರಿನ ವಕೀಲ ಏನು ಮಾಡುತ್ತಾನೆ ಅನ್ನುವುದು ನಮಗೆ ಚೆನ್ನಾಗಿ ಗೊತ್ತು. ಇಲ್ಲಿಯ ಸಾಲಿಸಿಟರ್ ಏನು ಮಾಡುತ್ತಾನೆ ಅನ್ನುವುದು ಗೊತ್ತಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಜನ ರೇಟು ನೋಡಿಯೇ ಆರಿಸುತ್ತಾರೆ, ಮತ್ತೇನು ನೋಡಲು ಸಾಧ್ಯ?

ಮೂಲಪತ್ರ ಎಲ್ಲಿ?

ನಾವು ನಾಟಿಂಗ್‌ಹ್ಯಾಮ್ ಪಕ್ಕದ ಗೆಡ್ಲಿಂಗ್‌ನಲ್ಲಿ ಮನೆ ನೋಡಿದಾಗ ಹಾಸನದಿಂದ ಅಪ್ಪ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. "ಮೂಲಪತ್ರ ನೋಡಿದ್ರೇನಮ್ಮ? ಇಸಿ ಎಷ್ಟು ವರ್ಷದ್ದು ತೆಗೆಸಿದ್ರಿ?" ಅಪ್ಪ ರಿಟೈರ್ಡ್ ಹೆಡ್ಮಾಸ್ಟರು. ಹಾಸನದ ಮನೆಯ ಕಾಗದವೆಲ್ಲ ಒಂದು ಟ್ರಂಕಿನಲ್ಲಿದೆ. ಮೂಲ ಕ್ರಯಪತ್ರ, ಖಾತೆ, ಕಂದಾಯದ ರಸೀದಿಗಳು, ಮೂವತ್ತು ವರ್ಷದ ಇಸಿ, ಮಾರಿದವರ ಮನೆಯ ವಂಶವೃಕ್ಷ, ಅದರಲ್ಲಿ ಮದುವೆಯಾಗಿ ತಿಪಟೂರಿಗೆ ಹೋದ ಹೆಣ್ಣುಮಗಳೊಬ್ಬಳ ಸಹಿ ಮಾಡಿಸಲು ಎರಡು ಸಲ ಬಸ್ ಹತ್ತಿದ ಕಥೆ. ನಮ್ಮ ಕಡೆ ವಕೀಲನ ಕೆಲಸ ಅಂದರೆ ಅನುಮಾನ ಪಡುವುದು. ಯಾರೋ ಒಬ್ಬ ಮೊಮ್ಮಗ ನಾಳೆ ಬಂದು ಪಾಲು ಕೇಳಿದರೆ? ಈ ಜಮೀನು ಮಂಜೂರಾತಿ ಜಮೀನಾಗಿದ್ದರೆ? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ ಪಿಟಿಸಿಎಲ್ ಕಾಯ್ದೆಗೆ ಸಿಕ್ಕಿಬಿದ್ದರೆ? 1908ರ ನೋಂದಣಿ ಕಾಯ್ದೆಯಲ್ಲಿ ಸರ್ಕಾರ ಪತ್ರವನ್ನು ನೋಂದಾಯಿಸುತ್ತದೆ ಅಷ್ಟೆ, ಮಾರುವವನು ನಿಜವಾದ ಮಾಲೀಕ ಹೌದೋ ಅಲ್ಲವೋ ಅನ್ನುವ ಗ್ಯಾರಂಟಿ ಕೊಡುವುದಿಲ್ಲ. ಆ ಹೊಣೆ ಕೊಳ್ಳುವವನದ್ದು. ಅದಕ್ಕೇ ಆ ತಾಲ್ಲೂಕಿನ ಹೊಲ, ಮನೆತನ, ಜಗಳ ಎಲ್ಲ ಬಲ್ಲ ವಕೀಲನೇ ಬೇಕು.

ಇಲ್ಲಿ ಏನಾಯಿತು ಅಂದರೆ, ನಾನು ಆಸ್ತಿಗಳ ಮಾಲೀಕತ್ವ ದಾಖಲಿಸುವ ಸರ್ಕಾರಿ ಇಲಾಖೆ, ಲ್ಯಾಂಡ್ ರಿಜಿಸ್ಟ್ರಿಯಿಂದ ತೆಗೆದ ದಾಖಲೆಯನ್ನು ಅಪ್ಪನಿಗೆ ಕಳಿಸಿದೆ. ಇದನ್ನು ಯಾರು ಬೇಕಾದರೂ ದುಡ್ಡು ಕಟ್ಟಿ ತೆಗೆಯಬಹುದು, ಈಗ 7 ಪೌಂಡ್. ಅದರಲ್ಲಿ ಮೂರು ಭಾಗ. ಆಸ್ತಿ ಯಾವುದು, ಮಾಲೀಕರು ಯಾರು, ಅದರ ಮೇಲೆ ಸಾಲ ಮತ್ತು ಷರತ್ತು ಏನಿದೆ. ಪ್ರಿಂಟ್ ಹಾಕಿದರೆ ಮೂರು ಹಾಳೆ, ಜೊತೆಗೊಂದು ನಕ್ಷೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿ ವಾಪಸ್ ಫೋನ್ ಮಾಡಿದರು. "ಅಲ್ಲ ಕಣಮ್ಮ, ಮೂರು ಹಾಳೇಲಿ ಮನೆ ಮುಗೀತಾ? ಇವರಿಗೆ ಯಾರು ಮಾರಿದ್ದು, ಅವರಿಗೆ ಯಾರು ಮಾರಿದ್ದು, ಒಂದೂ ಇಲ್ವಲ್ಲ!" ನಾನು ಹೇಳಿದೆ, ಇಲ್ಲಿ ಅದು ಬೇಡ ಅಪ್ಪ, ಈ ರಿಜಿಸ್ಟರಿನಲ್ಲಿ ಹೆಸರು ಇದ್ದರೆ ಅವರೇ ಮಾಲೀಕರು, ತಪ್ಪಿದ್ದರೆ ಸರ್ಕಾರವೇ ನಷ್ಟ ಕಟ್ಟಿಕೊಡುತ್ತದೆ ಅಂತ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ಹಳೇ ಕಾಗದ ಏನಾದರೂ ಇದ್ದರೆ ಇಸ್ಕೋ ಅಂದರು. ಮಾರುವವರು ಪಾಪ ಒಂದು ಕಟ್ಟು ಹಳೇ ಡೀಡು ಇಟ್ಟಿದ್ದರು, ಕೊಟ್ಟರು. ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಹೆಚ್ಚು ಬೆಲೆ ಇಲ್ಲ. ಅಪ್ಪನಿಗೆ ಫೋಟೋ ತೆಗೆದು ಕಳಿಸಿದೆ. ಖುಷಿಯಾದರು.

ಲ್ಯಾಂಡ್ ರಿಜಿಸ್ಟ್ರಿ ಶುರುವಾದದ್ದು 1862ರಲ್ಲಿ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್ ಪೂರ್ತಿ, ಮನೆ ಮಾರಿದ ಕೂಡಲೇ ರಿಜಿಸ್ಟರ್ ಮಾಡಲೇಬೇಕು ಅಂತ ಆದದ್ದು 1990ರ ಡಿಸೆಂಬರ್ 1ರಿಂದ. ಹಾಗಾಗಿ ಅಜ್ಜ ಅಜ್ಜಿ ಅರವತ್ತು ವರ್ಷದಿಂದ ಇದ್ದ ಮನೆ ಮಾರಾಟಕ್ಕೆ ಬಂದರೆ ಈಗಲೂ ಹಳೇ ಕಾಗದದ ಕಟ್ಟು ಬಿಚ್ಚಬೇಕಾಗಬಹುದು. ಹಳೆಯ ಕಾಲ ಇಲ್ಲೂ ಪೂರ್ತಿ ತೀರಿಲ್ಲ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಚರ್ಚಿನ ರಿಪೇರಿಯದ್ದು. ವಾರಿಕ್‌ಶೈರಿನಲ್ಲಿ ಒಂದು ದಂಪತಿಗೆ, ನಿಮ್ಮ ಜಮೀನಿಗೆ ಅಂಟಿಕೊಂಡ ಹಳೇ ಹೊಣೆಯ ಪ್ರಕಾರ ಊರ ಚರ್ಚಿನ ಒಂದು ಭಾಗದ ರಿಪೇರಿ ನೀವೇ ಮಾಡಿಸಬೇಕು ಅಂತ ನೋಟಿಸ್ ಬಂತು. ಕೇಸು ಆಗ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2003ರಲ್ಲಿ ಅವರು ಸೋತರು. ಆಮೇಲಿಂದ ಸಾಲಿಸಿಟರ್‌ಗಳು ಇದಕ್ಕೊಂದು ಸರ್ಚ್ (ಹಳೇ ದಾಖಲೆಗಳ ತಪಾಸಣೆ) ಮಾಡಿಸುವುದು, ಸಣ್ಣದೊಂದು ವಿಮೆ ತೆಗೆಸುವುದು ರೂಢಿಯಾಯಿತು. ಅಪ್ಪನಿಗೆ ಇದನ್ನು ಹೇಳಿದ್ದಕ್ಕೆ "ನೋಡ್ದಾ? ನಾನು ಹೇಳ್ಲಿಲ್ವಾ?" ಅಂದರು.

ಆದರೂ ಒಟ್ಟಾರೆ ನೋಡಿದರೆ ಮಾಲೀಕ ಯಾರು ಅನ್ನುವ ಪ್ರಶ್ನೆ ಇಲ್ಲಿ ಹೆಚ್ಚು ಕಡಿಮೆ ತೀರಿದ ಪ್ರಶ್ನೆ. ಹಾಗಾದರೆ ಸಾಲಿಸಿಟರ್‌ಗೆ ಸಾವಿರಾರು ಪೌಂಡ್ ಯಾಕೆ? ಆ ಮೂರು ಹಾಳೆಯಲ್ಲಿ ಇಲ್ಲದ್ದನ್ನು ಕೇಳುವುದಕ್ಕೆ. ಪಕ್ಕದಲ್ಲಿ ರಸ್ತೆ ಬರುತ್ತದಾ, ಹಿಂದಿನವರು ಕಟ್ಟಿದ ಎಕ್ಸ್‌ಟೆನ್ಷನ್‌ಗೆ ಪರ್ಮಿಷನ್ ಇತ್ತಾ, ಚರಂಡಿ ಯಾರದ್ದು, ನೆಲದ ಕೆಳಗೆ ಏನಿದೆ. ಆಮೇಲೆ ಬ್ಯಾಂಕು, ಮಾರುವವರ ಕಡೆಯವರು, ಅವರು ಕೊಳ್ಳುತ್ತಿರುವ ಮನೆಯ ಕಡೆಯವರು, ಅವರ ಹಿಂದಿನವರು, ಹೀಗೆ ಉದ್ದಕ್ಕೆ ನಿಂತ, ಇಲ್ಲಿ ಚೈನ್ ಅನ್ನುವ ಒಂದು ಸಾಲನ್ನು ಒಂದೇ ದಿನಕ್ಕೆ ತಂದು ನಿಲ್ಲಿಸುವುದಕ್ಕೆ. ಮೂರು ನಾಲ್ಕು ತಿಂಗಳು ಹಿಡಿಯುವುದು ಮಾಮೂಲಿ. ಅಷ್ಟು ದಿನ ಯಾರಿಗೂ ಬಂಧನ ಇಲ್ಲ. ಆಫರ್ ಒಪ್ಪಿದವರು ನಾಳೆ ಇನ್ನೊಬ್ಬ ಐದು ಸಾವಿರ ಜಾಸ್ತಿ ಕೊಟ್ಟರೆ ಅವನಿಗೆ ಕೊಡಬಹುದು. ಕೈಕೊಟ್ಟರು ಅಂತ ಬೈಯಬಹುದೇ ಹೊರತು ಮತ್ತೇನೂ ಮಾಡಲಾಗದು. (ಸ್ಕಾಟ್ಲೆಂಡಿನ ಪದ್ಧತಿ ಬೇರೆ, ಅಲ್ಲಿ ವಕೀಲರ ಪತ್ರಗಳಲ್ಲೇ ವ್ಯಾಪಾರ ಕುದುರುತ್ತದೆ. ಅಲ್ಲಿರುವವರು ಈ ಬರಹವನ್ನು ನಂಬಿ ಹೊರಡಬೇಡಿ.)

ಬಂಧನ ಬೀಳುವುದು ಎಕ್ಸ್‌ಚೇಂಜ್ ದಿನ, ಅಂದರೆ ಎರಡೂ ಕಡೆಯವರು ಸಹಿ ಮಾಡಿದ ಕರಾರು ಅದಲು ಬದಲಾಗುವ ದಿನ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ, ಹೆಬ್ಬೆಟ್ಟು, ಇಬ್ಬರು ಸಾಕ್ಷಿ, ಹೊರಗೆ ಜೆರಾಕ್ಸ್ ಅಂಗಡಿ, ಎಲ್ಲ ಮುಗಿದ ಮೇಲೆ ಹೋಟೆಲಿನಲ್ಲಿ ದೋಸೆ. ಇಲ್ಲಿ ಇಬ್ಬರು ಸಾಲಿಸಿಟರ್‌ಗಳು ಫೋನಿನಲ್ಲಿ ಮಾತಾಡುತ್ತಾರೆ. ಸಾಲಿಸಿಟರ್‌ಗಳ ಸಂಘ ಲಾ ಸೊಸೈಟಿಯ ಫಾರ್ಮುಲಾ ಬಿ ಅನ್ನುವ ಕ್ರಮದ ಪ್ರಕಾರ ಎಕ್ಸ್‌ಚೇಂಜ್ ಮಾಡೋಣವಾ, ಮಾಡೋಣ, ಸಮಯ ಇಷ್ಟು ಗಂಟೆ ಇಷ್ಟು ನಿಮಿಷ. ಮುಗಿಯಿತು. ಆ ಫೋನ್ ಇಟ್ಟ ಮೇಲೆ ಹಿಂದೆ ಸರಿದರೆ ಸಾಮಾನ್ಯವಾಗಿ ಶೇಕಡ 10 ಡೆಪಾಸಿಟ್ ಹೋಗುತ್ತದೆ. ನಾನು ಆ ಹೊತ್ತಿಗೆ ಆಫೀಸಿನ ಕ್ಯಾಂಟೀನಿನಲ್ಲಿದ್ದೆ. "ಆಯ್ತು, ಕಂಗ್ರಾಜುಲೇಷನ್ಸ್" ಅಂತ ಒಂದು ಸಾಲಿನ ಇಮೇಲ್ ಬಂತು. ಅಪ್ಪನಿಗೆ ಹೇಗೆ ವಿವರಿಸುವುದು ಇದನ್ನ!

ಗ್ಯಾರೇಜಿಗೆ ಕಾರು ಹೇಗೆ ತರ್ತೀರಿ?

ನಮಗೆ ಸಿಕ್ಕ ಸಾಲಿಸಿಟರ್‌ಳನ್ನು ನಾನು ಮನೆಯಲ್ಲಿ ಲಾಯರಮ್ಮ ಅಂತಲೇ ಕರೆಯುತ್ತಿದ್ದೆ. ನನ್ನ ಆಫೀಸಿನ, ಗೆಡ್ಲಿಂಗ್‌ನಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿ ಹೇಳಿದ ಹೆಸರು. ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಆಫೀಸು, ಕಡಿದಾದ ಮೆಟ್ಟಿಲು, ಗೋಡೆ ತುಂಬ ಫೈಲು. ಆನ್‌ಲೈನ್ ಕಂಪನಿ ಹೇಳಿದ ರೇಟಿಗಿಂತ ನಾಲ್ಕುನೂರು ಪೌಂಡ್ ಜಾಸ್ತಿ. ನನ್ನ ಗಂಡ ಮೆಟ್ಟಿಲಿಳಿಯುವಾಗಲೇ "ಈ ಕಾಲದಲ್ಲೂ ಇಷ್ಟು ಪೇಪರ್ ಇಡ್ತಾರಾ" ಅಂದಿದ್ದ.

ಎರಡನೇ ಭೇಟಿಯಲ್ಲಿ ಅವಳು ಸರ್ಚ್ ವರದಿಗಳನ್ನು ಮೇಜಿನ ಮೇಲೆ ಹರಡಿ ಕೂತಳು. ಮೊದಲನೆಯದು ಕಲ್ಲಿದ್ದಲು. ಗೆಡ್ಲಿಂಗ್ ಗಣಿ 1991ರಲ್ಲಿ ಮುಚ್ಚಿತು, ಈಗ ಅದರ ಮಣ್ಣಿನ ಗುಡ್ಡದ ಮೇಲೆ ಪಾರ್ಕು ಇದೆ, ನಾವೂ ಅಲ್ಲಿ ವಾಕಿಂಗ್ ಹೋಗಿದ್ದೆವು. ಮನೆಯ ಕೆಳಗೇ ಹಿಂದೆ ಗಣಿ ತೋಡಿದ್ದರು ಅಂತ ವರದಿಯಲ್ಲಿ ಓದಿ ನನ್ನ ಎದೆ ಧಸಕ್ ಅಂತು. ಅವಳು ನಕ್ಕಳು. ಇಲ್ಲಿಯ ಎಲ್ಲ ಮನೆಗೂ ಇದೇ ಬರುತ್ತೆ, ನಮ್ಮ ಮನೆಗೂ ಬಂದಿತ್ತು, ನೋಡಬೇಕಾದ್ದು ಗಡಿಯಿಂದ 20 ಮೀಟರ್ ಒಳಗೆ ಗಣಿಯ ಬಾಯಿ ಇದೆಯಾ ಅನ್ನುವುದು, ಇಲ್ಲ, ಮುಂದೆ ಹೋಗೋಣ ಅಂದಳು. ನಾಟಿಂಗ್‌ಹ್ಯಾಮ್ ಊರ ಮಧ್ಯೆ ಆಗಿದ್ದರೆ ಗುಹೆಗಳ ಬಗ್ಗೆಯೂ ಕೇಳಬೇಕಾಗುತ್ತಿತ್ತು ಅಂದಳು. ತಮಾಷೆ ಅಂದುಕೊಂಡೆ. ತಮಾಷೆಯಲ್ಲ, ಆ ಊರಿನ ಮರಳುಗಲ್ಲಿನಲ್ಲಿ ಕೊರೆದ ಗುಹೆಗಳು ಎಂಟುನೂರಕ್ಕೂ ಹೆಚ್ಚಿವೆ, ಎಷ್ಟೋ ಮನೆ ಅಂಗಡಿಗಳ ಕೆಳಗೇ.

ಆಮೇಲೆ ನಕ್ಷೆ ತೆಗೆದು ಪೆನ್ನಿನ ತುದಿಯಿಂದ ಹಿತ್ತಲ ಗ್ಯಾರೇಜನ್ನು ತೋರಿಸಿ ಕೇಳಿದಳು. "ಇಲ್ಲಿಗೆ ಕಾರು ಹೇಗೆ ತರ್ತೀರಿ?"

ಹಿಂದಿನ ಓಣಿಯಿಂದ, ಅಂದೆವು ಇಬ್ಬರೂ.

"ಆ ಓಣಿ ಯಾರದ್ದು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಓಣಿ ಯಾರದ್ದಾದರೂ ಆಗಿರಬಹುದು ಅಂತ ಯಾರಿಗೆ ಹೊಳೆಯುತ್ತದೆ? ಅದು ಕೌನ್ಸಿಲ್, ಅಂದರೆ ಇಲ್ಲಿಯ ಸ್ಥಳೀಯ ಆಡಳಿತ, ವಹಿಸಿಕೊಂಡ ರಸ್ತೆಯಲ್ಲ. ಯಾರ ಹೆಸರಿನಲ್ಲೂ ರಿಜಿಸ್ಟರ್ ಆಗಿಲ್ಲ. ನಮ್ಮ ಮೂರು ಹಾಳೆಯಲ್ಲಿ ಅದರ ಮೇಲೆ ಓಡಾಡುವ ಹಕ್ಕಿನ ಮಾತೇ ಇಲ್ಲ. ಅಂದರೆ ಗ್ಯಾರೇಜು ನಮ್ಮದು, ಅಲ್ಲಿಗೆ ಹೋಗುವ ದಾರಿ ನಮ್ಮದಲ್ಲ. ಅವಳಿಗೆ ಇದು ಹೊಳೆದದ್ದು ನಕ್ಷೆಯನ್ನು ಭೂತಗನ್ನಡಿ ಹಿಡಿದು ನೋಡಿದ್ದರಿಂದಲ್ಲ. ಆ ಸಾಲಿನಲ್ಲಿ ಮೂರು ಮನೆ ಆಚೆಯ ಮನೆಯ ವ್ಯಾಪಾರವನ್ನು ಕೆಲವು ವರ್ಷದ ಹಿಂದೆ ಅವಳೇ ಮಾಡಿಸಿದ್ದಳು, ಅಲ್ಲೂ ಇದೇ ರಗಳೆ. ಪರಿಹಾರವೂ ಅವಳ ಹತ್ತಿರ ರೆಡಿ ಇತ್ತು. ಇಪ್ಪತ್ತು ವರ್ಷ ಯಾರ ಅನುಮತಿಯನ್ನೂ ಕೇಳದೆ, ಕದ್ದು ಮುಚ್ಚದೆ, ಜಗಳವಿಲ್ಲದೆ ಒಂದು ದಾರಿಯನ್ನು ಬಳಸಿದ್ದರೆ ಹಕ್ಕು ಬರುತ್ತದೆ. ಮಾರುವವರು ಆ ಮನೆಯಲ್ಲಿ ಅದಕ್ಕಿಂತ ಜಾಸ್ತಿ ಕಾಲದಿಂದ ಇದ್ದವರು. ಅವರಿಂದ ಪ್ರಮಾಣ ಮಾಡಿಸಿದ ಹೇಳಿಕೆ ತಗೊಂಡಳು, ಅವರ ಖರ್ಚಿನಲ್ಲೇ ಒಂದು ವಿಮೆಯನ್ನೂ ಹಾಕಿಸಿದಳು.

ದೂರದ ಆನ್‌ಲೈನ್ ಕಂಪನಿಯವರಿಗೆ ಇದು ಸಿಗುತ್ತಲೇ ಇರಲಿಲ್ಲ ಅಂತ ಹೇಳಲಾರೆ. ಚುರುಕಾದವರಿಗೆ ಸಿಕ್ಕೀತು. ಆದರೆ ಅವರು ಅದನ್ನು ಹುಡುಕಬೇಕಿತ್ತು. ಇವಳಿಗೆ ಅದು ಮೊದಲೇ ಗೊತ್ತಿತ್ತು. ಲೋಕಲ್ ಸಾಲಿಸಿಟರ್ ಬೇಕು ಅಂದಾಗ ಎಲ್ಲರೂ ಕೊಡುವ ಕಾರಣ, ಹತ್ತಿರ ಇದ್ದರೆ ಹೋಗಿ ಸಹಿ ಹಾಕಿ ಬರಬಹುದು ಅನ್ನುವುದು. ಅದು ಈಗ ದೊಡ್ಡ ವಿಷಯವೇ ಅಲ್ಲ, ಸಹಿಯ ಕಾಗದ ಪೋಸ್ಟಿನಲ್ಲಿ ಬರುತ್ತದೆ, ಗುರುತಿನ ಚೀಟಿ ಆ್ಯಪಿನಲ್ಲೇ ತೋರಿಸಬಹುದು. ನಾನು ದುಡ್ಡು ಕೊಟ್ಟದ್ದು ಅವಳ ಹಳೇ ಫೈಲುಗಳಿಗೆ.

ಹೊಸ ಎಸ್ಟೇಟುಗಳಲ್ಲಿ ಇದು ಇನ್ನೂ ಮುಖ್ಯ. ಈಗ ಕಟ್ಟುವ ಬಡಾವಣೆಗಳಲ್ಲಿ ರಸ್ತೆ, ಪಾರ್ಕು, ಮಳೆನೀರಿನ ಹೊಂಡವನ್ನು ಎಷ್ಟೋ ಕಡೆ ಕೌನ್ಸಿಲ್ ವಹಿಸಿಕೊಳ್ಳುವುದಿಲ್ಲ. ಒಂದು ಮ್ಯಾನೇಜ್‌ಮೆಂಟ್ ಕಂಪನಿ ನೋಡಿಕೊಳ್ಳುತ್ತದೆ, ವರ್ಷಾ ವರ್ಷ ಮನೆಯವರಿಂದ ವಸೂಲಿ. ಕೌನ್ಸಿಲ್ ಟ್ಯಾಕ್ಸ್ ಪೂರ್ತಿ ಕಟ್ಟಿದ ಮೇಲೂ ಇದು ಬೇರೆ. ಆ ಎಸ್ಟೇಟಿನ ಬೇರೆ ಮನೆಗಳನ್ನು ಮಾಡಿಸಿದ ಸಾಲಿಸಿಟರ್ ಆದರೆ ಬಿಲ್ಡರಿನ ಕಾಗದವನ್ನು ಆಗಲೇ ಓದಿರುತ್ತಾರೆ, ಚಾರ್ಜ್ ಏರಿಸುವುದಕ್ಕೆ ಮಿತಿ ಇದೆಯೋ ಇಲ್ಲವೋ ಅಂತ ಮೊದಲ ಫೋನಿನಲ್ಲೇ ಹೇಳುತ್ತಾರೆ. ಫ್ಲ್ಯಾಟಿನ ಕಥೆ ಇದಕ್ಕಿಂತ ದೊಡ್ಡದು. ಫ್ಲ್ಯಾಟು ಕೊಳ್ಳುವ ದೀರ್ಘಾವಧಿ ಲೀಸಿನಲ್ಲಿ ಎಷ್ಟು ವರ್ಷ ಉಳಿದಿದೆ, ಸರ್ವಿಸ್ ಚಾರ್ಜ್ ಎಷ್ಟು, ಎತ್ತರದ ಕಟ್ಟಡವಾದರೆ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆಯ ಕಾಗದಗಳು. ಅಂಥವನ್ನು ಮುಟ್ಟುವುದೇ ಇಲ್ಲ ಅನ್ನುವ ಸಾಲಿಸಿಟರ್‌ಗಳೂ ಇದ್ದಾರೆ, ಮೊದಲೇ ಕೇಳಿಕೊಳ್ಳಿ.

ಅಪ್ಪನ ಪಾಸ್‌ಬುಕ್ಕು

ಲಾಯರಮ್ಮನ ಜೊತೆ ನನಗೆ ಕಷ್ಟವಾದದ್ದು ಒಂದೇ ವಿಷಯ, ದುಡ್ಡಿನ ಮೂಲ. ಡೆಪಾಸಿಟ್ಟಿಗೆ ಅಪ್ಪ ಸ್ವಲ್ಪ ಕೊಡುತ್ತೇನೆ ಅಂದಿದ್ದರು. ರಿಟೈರ್ ಆದಾಗ ಬಂದ ಹಣ, ಸಹಕಾರಿ ಬ್ಯಾಂಕಿನಲ್ಲಿ ಎಫ್‌ಡಿ. ಇಲ್ಲಿಯ ಮನಿ ಲಾಂಡರಿಂಗ್ ನಿಯಮದ ಪ್ರಕಾರ ದುಡ್ಡು ಎಲ್ಲಿಂದ ಬಂತು ಅಂತ ಸಾಲಿಸಿಟರ್ ಕೇಳಲೇಬೇಕು. ಅಪ್ಪನ ಗುರುತಿನ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಎಫ್‌ಡಿ ರಸೀದಿ, ಮೇಲೊಂದು ಗಿಫ್ಟ್ ಪತ್ರ. ಈ ಹಣ ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ಪಾಲೂ ಕೇಳುವುದಿಲ್ಲ ಅಂತ ಸಹಿ.

"ಅವಳಿಗ್ಯಾಕಮ್ಮ ನನ್ನ ಪಾಸ್‌ಬುಕ್ಕು? ನಾನೇನು ಕದ್ದು ಕೊಡ್ತಾ ಇದೀನಾ?" ಅಪ್ಪನ ದನಿ ಏರಿತು. ಅಮ್ಮ ಹಿಂದಿನಿಂದ "ಕೊಟ್ಬಿಡಿ, ಮಗು ಕೇಳ್ತಾ ಇದೆ" ಅನ್ನುವುದು ಕೇಳಿಸುತ್ತಿತ್ತು. ಅಪ್ಪನಿಗೆ ಜಾಸ್ತಿ ನೋವಾದದ್ದು ಪಾಸ್‌ಬುಕ್ಕಿನಿಂದಲ್ಲ, ಆ ಪತ್ರದಿಂದ. "ಮಗಳಿಗೆ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ಅದನ್ನ ಬರ್ಕೊಡು ಅಂತಾರಲ್ಲ, ಎಂಥ ಜನ ಇವರು!" ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಂಕಿಗೆ ಬೇಕು ಅಪ್ಪ ಅಂದೆ. ಬ್ಯಾಂಕು ಅಂದರೆ ಅಪ್ಪನಿಗೆ ಅರ್ಥವಾಗುತ್ತದೆ. ನಾಲ್ಕು ದಿನ ಬಿಟ್ಟು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಕಳಿಸಿದರು, ಪ್ರತಿ ಹಾಳೆಯ ಮೇಲೂ ದೃಢೀಕರಿಸಿ ಸಹಿ ಹಾಕಿ, ಹಳೇ ಸ್ಕೂಲಿನ ಅಭ್ಯಾಸ. ಕನ್ನಡದಲ್ಲಿದ್ದ ಹಾಳೆಗಳನ್ನು ಅನುವಾದ ಮಾಡಿಸಬೇಕಾಯಿತು. ಲಾಯರಮ್ಮ ಆ ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಫ್‌ಡಿ ಪ್ರತಿ ವರ್ಷ ಯಾಕೆ ಹೊಸ ನಂಬರು ಪಡೆಯುತ್ತದೆ ಅನ್ನುವುದನ್ನು ಅವಳಿಗೆ ತಿಳಿಸುವಷ್ಟರಲ್ಲಿ ಎರಡು ವಾರ ಹೋಯಿತು. ಊರಿಂದ ಹಣ ತರಿಸುವವರು ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಅಲ್ಲಿರುವವರು ಹೀಗೆ ಗಿಫ್ಟ್ ಕಳಿಸುವುದು ವರ್ಷಕ್ಕೆ 10 ಲಕ್ಷ ದಾಟಿದರೆ ದಾಟಿದ ಮೊತ್ತದ ಮೇಲೆ ಬ್ಯಾಂಕು ಈಗ ಶೇಕಡ 20 ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುತ್ತದೆ. ಆಮೇಲೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಆದರೆ ಆ ದುಡ್ಡು ಎಕ್ಸ್‌ಚೇಂಜ್ ದಿನಕ್ಕೆ ಸಿಗುವುದಿಲ್ಲ.

ಈ ವಿಷಯದಲ್ಲೇ "ನಮ್ಮವರೇ" ಅನ್ನುವ ಸಾಲಿಸಿಟರ್‌ಗಳ ಪರವಾಗಿ ಮಾತಾಡಬೇಕು. ಇಂಡಿಯಾ ಮೂಲದ ಸಾಲಿಸಿಟರ್ ಇಂಥ ಪಾಸ್‌ಬುಕ್ಕು ನೂರಾರು ನೋಡಿರುತ್ತಾರೆ. ಎಫ್‌ಡಿ, ಪಿಎಫ್, ಅಮ್ಮನ ಹೆಸರಿನ ಜಾಯಿಂಟ್ ಖಾತೆ, ಯಾವುದೂ ಹೊಸದಲ್ಲ. ಅವರಿಗೆ ಹೇಳದೆಯೂ ಗೊತ್ತಾಗುವ ಇನ್ನೊಂದಿದೆ. ಅಪ್ಪ ಸೈಟು ಮಾರಿದ ಹಣ ಅಂತ ಹೇಳಿ, ಕ್ರಯಪತ್ರದಲ್ಲಿ ಮಾತ್ರ ಗೈಡೆನ್ಸ್ ವ್ಯಾಲ್ಯೂ ಬರೆದು ಉಳಿದದ್ದನ್ನು ಕ್ಯಾಶ್ ತಗೊಂಡಿದ್ದರೆ, ಆ ಉಳಿದದ್ದು ಇಲ್ಲಿಗೆ ಯಾವ ದಾರಿಯಿಂದಲೂ ಬರಲಾರದು. ನಮ್ಮವರಾದರೆ ಇದನ್ನು ಮೊದಲ ದಿನವೇ ನೇರವಾಗಿ ಕೇಳುತ್ತಾರೆ. ಲಾಯರಮ್ಮನಂಥವರಿಗೆ ಇದು ಮೂರನೇ ತಿಂಗಳು ಗೊತ್ತಾಗಿ, ಅಷ್ಟರಲ್ಲಿ ಎಲ್ಲ ಕೈಮೀರಿರುತ್ತದೆ.

ಆದರೆ ನಮ್ಮವರು ಅನ್ನುವುದೊಂದೇ ಸಾಲದು. ನನ್ನ ಸ್ನೇಹಿತೆಯೊಬ್ಬಳು ಡರ್ಬಿ ಹತ್ತಿರದ ಹೊಸ ಎಸ್ಟೇಟಿನ ಮನೆಗೆ ಲಂಡನ್ ಕಡೆಯ ಒಬ್ಬರನ್ನು ಹಿಡಿದಳು. ದುಡ್ಡಿನ ಕಾಗದ ಎರಡೇ ದಿನದಲ್ಲಿ ಪಾಸಾಯಿತು. ಎಸ್ಟೇಟ್ ಚಾರ್ಜಿನ ಮಾತು ಎಂಬತ್ತು ಪುಟದ ವರದಿಯ ನಡುವೆ ಎಲ್ಲೋ ಒಂದು ಸಾಲು ಇತ್ತಂತೆ. ಅವಳಿಗೆ ಅದು ತಿಳಿದದ್ದು ಮೊದಲ ಬಿಲ್ಲು ಬಾಗಿಲಿಗೆ ಬಂದಾಗ. ಸಾಲಿಸಿಟರ್ ಹೇಳಲಿಲ್ಲ ಅಂತಲೂ ಅಲ್ಲ, ಹೇಳಿದರು ಅಂತಲೂ ಅಲ್ಲ.

ಒಂದು ಟಿಕ್ಕಿನ ಬೆಲೆ

ಯಾರನ್ನೇ ಹಿಡಿಯಿರಿ, ಊರಲ್ಲಿರುವ ಆಸ್ತಿಯ ವಿಷಯವನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಆನ್‌ಲೈನ್ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ, ನಿಮಗೆ ಬೇರೆ ಮನೆ ಇದೆಯಾ ಅಂತ. ಬೆಂಗಳೂರಿನ ಫ್ಲ್ಯಾಟು ಇಂಗ್ಲೆಂಡಿನಲ್ಲಿಲ್ಲವಲ್ಲ ಅಂದುಕೊಂಡು "ಇಲ್ಲ" ಟಿಕ್ ಮಾಡುವವರು ನನಗೇ ಗೊತ್ತು. ಸ್ಟಾಂಪ್ ಡ್ಯೂಟಿ ಕಾನೂನು ಇಡೀ ಪ್ರಪಂಚವನ್ನೇ ನೋಡುತ್ತದೆ. 2,80,000 ಪೌಂಡಿನ ಮನೆ ತಗೊಳ್ಳಿ. ಇದೇ ಮೊದಲ ಮನೆ ಅಂದರೆ 3,00,000ದವರೆಗೆ ತೆರಿಗೆ ಇಲ್ಲ, ಸೊನ್ನೆ. ಹಿಂದೆ ಎಲ್ಲಾದರೂ ಮನೆ ಇದ್ದು ಈಗ ಇಲ್ಲ ಅಂದರೆ 4,000. ಬೆಂಗಳೂರಿನ ಫ್ಲ್ಯಾಟು ಈಗಲೂ ಇದೆ, ಇಲ್ಲಿ ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಹೋಗುತ್ತಿದ್ದೀರಿ ಅಂದರೆ ಮೇಲೆ ಶೇಕಡ 5 ಸೇರಿ 18,000. ಫ್ಲ್ಯಾಟು ಗಂಡನ ಹೆಸರಿನಲ್ಲಿದ್ದು ಇಲ್ಲಿಯ ಮನೆ ಹೆಂಡತಿ ಹೆಸರಿನಲ್ಲಿ ತಗೊಂಡರೂ ಬಿಡುವುದಿಲ್ಲ, ಗಂಡ ಹೆಂಡತಿಯನ್ನು ಒಟ್ಟಿಗೇ ಎಣಿಸುತ್ತಾರೆ. ತಾತನ ಮನೆಯಲ್ಲಿ ಪಾಲು ಬಂದಿದ್ದರೆ ಅದೂ ಲೆಕ್ಕಕ್ಕೆ ಬರಬಹುದು. ಅರ್ಧಕ್ಕಿಂತ ಹೆಚ್ಚಿಲ್ಲದ ಪಾಲು, ಮೂರು ವರ್ಷದ ಒಳಗೆ ಬಂದದ್ದು, ಇಂಥದ್ದಕ್ಕೆ ಆ ಶೇಕಡ 5ರಿಂದ ವಿನಾಯಿತಿ ಇದೆ, ಆದರೆ ಮೊದಲ ಮನೆಯ ರಿಯಾಯಿತಿ ಹೋಗಬಹುದು. ಭಾಗವಾಗದ ಅವಿಭಕ್ತ ಕುಟುಂಬದ ಮನೆ ಅಂದರೆ ಇನ್ನೂ ಗೋಜಲು. ಹೆಣ್ಣುಮಕ್ಕಳಿಗೂ ಪಾಲಿದೆ ಅನ್ನುವುದು ಎಷ್ಟು ಒಳ್ಳೆಯ ಕಾನೂನು ಅಂತ ನಾನು ಯಾವಾಗಲೂ ಹೇಳುತ್ತಿದ್ದೆ, ಅದರಿಂದ ನಾಟಿಂಗ್‌ಹ್ಯಾಮಿನಲ್ಲಿ ತೆರಿಗೆ ಬೀಳಬಹುದು ಅಂತ ಕನಸು ಬಿದ್ದಿತ್ತಾ?

ಇದನ್ನೆಲ್ಲ ಟಿಕ್ ಬಾಕ್ಸು ಕೇಳುವುದಿಲ್ಲ. ಎದುರು ಕೂತ ಮನುಷ್ಯರು ಕೇಳುತ್ತಾರೆ, ಅದೂ ಪುರುಸೊತ್ತಿದ್ದರೆ.

ಪುರುಸೊತ್ತಿನ ಪ್ರಶ್ನೆ

ಅಗ್ಗದ ರೇಟು ಅಗ್ಗ ಆಗುವುದು ಹೇಗೆ ಅಂದರೆ, ಒಬ್ಬರ ಮೇಲೆ ಫೈಲು ಜಾಸ್ತಿ. ಕೆಲಸವನ್ನು ತುಂಡು ಮಾಡಿ ಹಂಚಿರುತ್ತಾರೆ, ಸರ್ಚ್ ಒಬ್ಬರು, ಬ್ಯಾಂಕಿನ ಕಾಗದ ಇನ್ನೊಬ್ಬರು, ಹಣ ಕಟ್ಟಿ ಕೀ ಕೈಗೆ ಬರುವ ಕಂಪ್ಲೀಷನ್ ಮತ್ತೊಬ್ಬರು. ನಿಮ್ಮ ಫೋನು ಎತ್ತುವವರಿಗೆ ನಿಮ್ಮ ಮನೆ ಯಾವುದು ಅನ್ನುವುದೇ ಗೊತ್ತಿರುವುದಿಲ್ಲ. ಎಲ್ಲ ಸರಿಯಾಗಿ ನಡೆದರೆ ಇದರಿಂದ ತೊಂದರೆಯೇ ಇಲ್ಲ, ಸುಮ್ನೆ ಹೆದರಿಸುತ್ತಿಲ್ಲ. ಸಾಧಾರಣ ಮನೆ, ಚೈನ್ ಇಲ್ಲ, ಊರಿನ ದುಡ್ಡಿಲ್ಲ ಅನ್ನುವವರು ನಾಲ್ಕುನೂರು ಪೌಂಡ್ ಉಳಿಸಿಕೊಳ್ಳಲಿ. 2018ರ ಡಿಸೆಂಬರಿನಿಂದ ಸಾಲಿಸಿಟರ್ ಕಂಪನಿಗಳು ತಮ್ಮ ರೇಟನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು, ಹೋಲಿಸಿ ನೋಡುವುದು ಸುಲಭ. ಏಜೆಂಟ್ ಹೇಳಿದವರ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆ ಕೇಳಿ, ನಿಮಗೆ ಎಷ್ಟು ಕಮಿಷನ್ ಅಂತ. ಕೇಳಿದರೆ ಮುಚ್ಚಿಡುವ ಹಾಗಿಲ್ಲ. ಕಮಿಷನ್ ತಗೊಂಡರು ಅಂದ ಮಾತ್ರಕ್ಕೆ ಕೆಟ್ಟವರು ಅಂತಲ್ಲ, ಆದರೆ ಆ ಸಾಲಿಸಿಟರ್‌ಗೆ ಮುಂದಿನ ಫೈಲು ಬರುವುದು ನಿಮ್ಮಿಂದಲ್ಲ, ಏಜೆಂಟನಿಂದ.

ದೊಡ್ಡದಾದಷ್ಟೂ ಗಟ್ಟಿ ಅನ್ನುವ ನಂಬಿಕೆಯೂ 2021ರ ನವೆಂಬರಿನಲ್ಲಿ ಅಲುಗಾಡಿತು. ದೇಶದ ಬಹು ದೊಡ್ಡ ಕನ್ವೇಯನ್ಸಿಂಗ್ (ಮನೆ ವ್ಯಾಪಾರದ ಕಾನೂನು ಕೆಲಸ) ಗುಂಪೊಂದರ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ಆಗಿ ಎಷ್ಟೋ ಜನ ಗೊತ್ತಾದ ದಿನ ಮನೆ ಬದಲಾಯಿಸಲಾಗದೆ ಒದ್ದಾಡಿದರು. ಸಣ್ಣ ಆಫೀಸಿಗೂ ಅದರದ್ದೇ ಕಷ್ಟ ಇದೆ. ಇಬ್ಬರೇ ಕೆಲಸ ಮಾಡುವ ಕಡೆ ಒಬ್ಬರಿಗೆ ಜ್ವರ ಬಂದರೆ ನಿಮ್ಮ ಫೈಲಿಗೂ ಜ್ವರ. ನಿಮ್ಮ ಬ್ಯಾಂಕಿನ ಪ್ಯಾನೆಲಿನಲ್ಲಿ, ಅಂದರೆ ಬ್ಯಾಂಕು ಒಪ್ಪಿದ ವಕೀಲರ ಪಟ್ಟಿಯಲ್ಲಿ, ಅವರು ಇರದೇ ಹೋಗಬಹುದು, ಆಗ ಬ್ಯಾಂಕಿಗೆ ಬೇರೆ ವಕೀಲ, ಬೇರೆ ಫೀಸು. ಲಾಯರಮ್ಮ ಒಂದು ವಾರ ರಜಕ್ಕೆ ಕಾರ್ನ್‌ವಾಲ್‌ಗೆ ಹೋಗಿದ್ದಾಗ ನಮ್ಮ ಫೈಲು ಇದ್ದಲ್ಲೇ ಇತ್ತು. ಅವಳು ಬಂದು ಕೂತ ಮೇಲೇ ಅಲುಗಾಡಿದ್ದು.

ಕೊನೆಯ ಹಣ ಕಳಿಸುವ ದಿನ ಮಾತ್ರ ಹತ್ತಿರದ ಆಫೀಸು ಇದ್ದದ್ದು ನನಗೆ ನಿದ್ದೆ ಕೊಟ್ಟಿತು. ಸಾಲಿಸಿಟರ್ ಹೆಸರಿನಲ್ಲಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇಲ್ಲಿಗೆ ಕಳಿಸಿ ಅಂತ ಸುಳ್ಳು ಇಮೇಲ್ ಬಂದು ಜೀವಮಾನದ ಉಳಿತಾಯ ಕಳಕೊಂಡವರಿದ್ದಾರೆ. ಕಂಪ್ಲೀಷನ್ ಜಾಸ್ತಿ ನಡೆಯುವುದು ಶುಕ್ರವಾರ, ಕಳ್ಳರಿಗೂ ಅದೇ ಇಷ್ಟದ ವಾರ. ಲಾಯರಮ್ಮ ಮೊದಲ ದಿನವೇ ಖಾತೆ ನಂಬರನ್ನು ಕಾಗದದ ಮೇಲೆ ಕೈಯಲ್ಲಿ ಕೊಟ್ಟಿದ್ದಳು. ಇದು ಯಾವತ್ತೂ ಬದಲಾಗುವುದಿಲ್ಲ, ಬದಲಾಗಿದೆ ಅಂತ ಯಾರೇ ಹೇಳಿದರೂ, ನಾನೇ ಹೇಳಿದರೂ, ಮೆಟ್ಟಿಲು ಹತ್ತಿ ಬಂದು ಕೇಳಿ ಅಂದಿದ್ದಳು.

ಈಗ ಮಾರುವ ಸರದಿ

ಈಗ ನಾವು ಆ ಮನೆ ಮಾರಿ ಮಗಳ ಸ್ಕೂಲಿನ ಹತ್ತಿರ, ವೆಸ್ಟ್ ಬ್ರಿಜ್‌ಫರ್ಡ್ ಕಡೆ ನೋಡುತ್ತಿದ್ದೇವೆ. ಮಾರುವಾಗ ಸಾಲಿಸಿಟರ್‌ನ ಕೆಲಸ ಹಗುರ, ನಮ್ಮದೇ ಜಾಸ್ತಿ. ಟಿಎ6 ಅನ್ನುವ ಫಾರಂ ತುಂಬಬೇಕು. ನೆರೆಯವರ ಜೊತೆ ಜಗಳ ಇದೆಯಾ, ಬೇಲಿ ಯಾರದ್ದು, ಜಪಾನೀಸ್ ನಾಟ್‌ವೀಡ್ ಅನ್ನುವ ಕಳೆ ಹಿತ್ತಲಲ್ಲಿ ಬೆಳೆದಿತ್ತಾ, ಕಿಟಕಿ ಬದಲಾಯಿಸಿದ ಸರ್ಟಿಫಿಕೇಟ್ ಎಲ್ಲಿ. ಸುಳ್ಳು ಬರೆದರೆ ಆಮೇಲೆ ಕೊಂಡವರು ಕೋರ್ಟಿಗೆ ಎಳೆಯಬಹುದು. ಕಿಟಕಿಯ ಸರ್ಟಿಫಿಕೇಟು, ಬಾಯ್ಲರಿನ ಕಾಗದ, ಓಣಿಯ ಹೇಳಿಕೆ, ವಿಮೆ, ಎಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಟ್ರಂಕಿನ ಮಗಳು ನಾನು.

ಲಾಯರಮ್ಮನಿಗೆ ಫೋನ್ ಮಾಡಿದೆ. ರಿಟೈರ್ ಆಗಿದ್ದಾಳಂತೆ. ಆಫೀಸು ಇನ್ನೊಂದು ದೊಡ್ಡ ಕಂಪನಿಗೆ ಸೇರಿದೆ, ಬೇಕರಿ ಮೇಲಿನ ಮಹಡಿ ಈಗ ಖಾಲಿ. ಹಳೇ ಫೈಲುಗಳು ಎಲ್ಲಿ ಅಂತ ಕೇಳಿದ್ದಕ್ಕೆ, ಸ್ಟೋರೇಜಿನಲ್ಲಿವೆ, ಬೇಕಾದರೆ ತರಿಸಬಹುದು, ಅದಕ್ಕೆ ಫೀಸು ಇದೆ ಅಂದಿತು ಒಂದು ಹುಡುಗಿಯ ದನಿ. ಒಳ್ಳೆಯ ಹುಡುಗಿ, ಮಾತು ನಯವಾಗಿತ್ತು. ಗೆಡ್ಲಿಂಗ್ ಅಂದದ್ದಕ್ಕೆ ಸ್ಪೆಲ್ಲಿಂಗ್ ಕೇಳಿದಳು.

ಹಾಗಾಗಿ ಮತ್ತೆ ಹುಡುಕಾಟ. ಸದ್ಯಕ್ಕೆ ಎರಡು ಹೆಸರು ಕೈಯಲ್ಲಿವೆ. ಒಂದು ಬ್ರಿಜ್‌ಫರ್ಡಿನದೇ ಮಧ್ಯಮ ಗಾತ್ರದ ಆಫೀಸು, ಇನ್ನೊಂದು ಲೆಸ್ಟರಿನ ಗುಜರಾತಿ ಲೈಸೆನ್ಸ್ಡ್ ಕನ್ವೇಯನ್ಸರ್ ಒಬ್ಬಳದ್ದು. ಅವಳು ಸಾಲಿಸಿಟರ್ ಅಲ್ಲ, ಈ ಒಂದೇ ಕೆಲಸಕ್ಕೆ ಲೈಸೆನ್ಸ್ ಪಡೆದವಳು, ಅಷ್ಟೇ ಸಾಕಲ್ಲ ನಮಗೆ. ಸೋಮವಾರ ಇಬ್ಬರಿಗೂ ಫೋನ್ ಮಾಡುತ್ತೇನೆ. ನನ್ನ ಫೈಲನ್ನು ಮೊದಲಿಂದ ಕೊನೆವರೆಗೆ ಯಾರು ಹಿಡಿದಿರುತ್ತಾರೆ, ಅವರು ರಜ ಹಾಕಿದರೆ ಯಾರು, ನಾನು ನೋಡಿರುವ ಬೀದಿಯಲ್ಲಿ ಮನೆ ಮಾಡಿಸಿದ್ದೀರಾ, ಇಷ್ಟು ಕೇಳಬೇಕು. ಗಂಡನ ಓಟು ಲೆಸ್ಟರಿಗೆ, ಈ ಸಲ ಅವನ ಅಮ್ಮ ಸ್ವಲ್ಪ ದುಡ್ಡು ಕೊಡುತ್ತಿದ್ದಾರೆ, ಪಾಸ್‌ಬುಕ್ಕಿನ ರಾಮಾಯಣ ಮತ್ತೆ ಬೇಡ ಅನ್ನುತ್ತಾನೆ. ನಾನು ಇನ್ನೂ ಬ್ರಿಜ್‌ಫರ್ಡಿನ ಕಡೆಗಿದ್ದೇನೆ. ಅಲ್ಲಿ ಟ್ರೆಂಟ್ ನದಿ ಹತ್ತಿರ, ಪ್ರವಾಹದ ನೀರು ಯಾವ ಬೀದಿಯವರೆಗೆ ಬಂದಿತ್ತು ಅಂತ ವರದಿ ತೆರೆಯದೆ ಹೇಳಬಲ್ಲವರು ಬೇಕು.